ಅಕ್ಕ ಕಾರಿನಿಂದ ಇಳಿಯುತ್ತಿರಲಿಲ್ಲ

ನನ್ನ ಅಕ್ಕನಿಗೆ ಸ್ವಂತ ಕಾರು ಇರಲಿಲ್ಲ. ಆದರೂ ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿ ಕಡೆ ಓಡಾಡುವ ಎಷ್ಟೋ ಕಾರುಗಳಲ್ಲಿ ಅವಳು ಕೂತಿದ್ದಳು. ಎಲ್ಲಿಗೂ ಹೋಗಲಿಲ್ಲ, ಬರೀ ಕೂತಿದ್ದಳು. ಕಾರಿನ ಯಜಮಾನ ಹೊರಗೆ ಬಿಸಿಲಲ್ಲಿ ನಿಂತು ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರೆ, ಇವಳು ಅವನ ಕಾರಿನೊಳಗೆ ಗಾಜು ಏರಿಸಿಕೊಂಡು, ಏಸಿ ಹಾಕಿಕೊಂಡು, ಸೆರಗು ಹೊದ್ದು, ಬೀಗರ ಮನೆಗೆ ಹೊರಟವಳ ಹಾಗೆ ನೇರ ಮುಂದೆ ನೋಡುತ್ತ ಕೂರುತ್ತಿದ್ದಳು. ಇಂಜಿನ್ ಓಡುತ್ತಿತ್ತು, ಕಾರು ಮಾತ್ರ ಇದ್ದಲ್ಲೇ ಇರುತ್ತಿತ್ತು. ಯಜಮಾನ ಗಾಜು ತಟ್ಟಿದರೆ ಒಳಗಿನಿಂದಲೇ ಕೈ ಅಡ್ಡ ಆಡಿಸುತ್ತಿದ್ದಳು. ಇನ್ನೂ ಆಗಿಲ್ಲ, ನಿಂತಿರು ಎಂದು ಅದರ ಅರ್ಥ.

ಹೀಗೆ ಬೇರೆಯವರ ಕಾರಿನಲ್ಲಿ, ಬೇರೆಯವರ ಪೆಟ್ರೋಲಿನಲ್ಲಿ, ಬೇರೆಯವರ ತಂಪಿನಲ್ಲಿ ಕೂರುವುದನ್ನು ಕೆಲಸ ಎಂದು ಕರೆಯಬಹುದೇ ಎಂಬುದೇ ನಮ್ಮಿಬ್ಬರ ನಡುವೆ ಇದ್ದ ತಕರಾರು. ಕರೆಯಬಹುದು ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದನ್ನು ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳುವುದು ಮಾತ್ರ ನನ್ನಿಂದ ಆಗಲಿಲ್ಲ. ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬರೆಯುವುದು ನನ್ನ ಕಸುಬಲ್ಲ. ಆದರೆ ಅವಳನ್ನು ಸರಿಯಾಗಿ ತಿಳಿದವರಿಗಿಂತ ತಪ್ಪಾಗಿ ತಿಳಿದವರೇ ಹೆಚ್ಚು, ಆ ತಪ್ಪನ್ನು ಹಂಚಿದವನು ನಾನೇ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮ ಶೆಡ್ಡು ರಾಜಗೋಪಾಲನಗರದ ಮುಖ್ಯರಸ್ತೆಯ ಬದಿಯಲ್ಲಿತ್ತು. ತಗಡಿನ ಮಾಡು, ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ‘ಕಾರ್ ಏಸಿ ಸೇಲ್ಸ್, ಸರ್ವೀಸ್, ಗ್ಯಾಸ್ ಫಿಲ್ಲಿಂಗ್’ ಎಂದು ಬೋರ್ಡು. ಸೇಲ್ಸ್ ಎಂಬುದನ್ನು ಬೋರ್ಡು ಬರೆಯುವವನು ತಾನಾಗಿಯೇ ಸೇರಿಸಿದ, ಎಲ್ಲರೂ ಬರೆಸುತ್ತಾರೆ ಇರಲಿ ಎಂದ. ಸರ್ವೀಸ್ ಹೇಗಿತ್ತೆಂದು ಮುಂದೆ ಹೇಳುತ್ತೇನೆ. ಗ್ಯಾಸ್ ಫಿಲ್ಲಿಂಗ್ ಒಂದು ಮಾತ್ರ ನಿಜ. ನಾನು ಕೆಲಸ ಕಲಿತದ್ದು ಯಶವಂತಪುರದ ಒಬ್ಬ ಮೇಸ್ತ್ರಿಯ ಹತ್ತಿರ. ಆತ ನನಗೆ ಮನಸ್ಸಿಟ್ಟು ಹೇಳಿಕೊಟ್ಟ ವಿದ್ಯೆ ಒಂದೇ. “ಗಿರಾಕಿ ಏನಾದ್ರೂ ಹೇಳ್ಲಿ ಮಗಾ, ನೀನು ಗ್ಯಾಸ್ ಕಮ್ಮಿಯಾಗಿದೆ ಅನ್ನು. ಮಿಕ್ಕಿದ್ದು ಆಮೇಲ್ ನೋಡ್ಕೊಳಾಣ.”

ಆಗ ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ. ರಸ್ತೆಯ ನಡುವೆ ಕಂಬಗಳು, ಎರಡೂ ಕಡೆ ಗುಂಡಿ, ಮೇಲಿಂದ ಸಿಮೆಂಟಿನ ದೂಳು. ಗೊರಗುಂಟೆಪಾಳ್ಯದಲ್ಲಿ ನಿಂತ ಗಾಡಿ ಕದಲುವ ಹೊತ್ತಿಗೆ ಒಳಗಿದ್ದವರಿಗೆ ಒಂದು ನಿದ್ದೆ ಮುಗಿಯುತ್ತಿತ್ತು. ನಮ್ಮ ಶೆಡ್ಡಿಗೆ ಬರುವ ಕಾರುಗಳಿಗೆಲ್ಲ ಒಂದೇ ಕಾಯಿಲೆ. ಓಡುತ್ತಿದ್ದರೆ ಏಸಿ ತಣ್ಣಗಿರುತ್ತದೆ, ನಿಂತರೆ ಬಿಸಿಗಾಳಿ. ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಿರುವುದಕ್ಕೆ ನಮ್ಮವರು ಐಡಲ್ ಎನ್ನುತ್ತಾರೆ. ಐಡಲ್‌ನಲ್ಲಿ ಏಸಿ ಕೈಕೊಡಲು ಹತ್ತು ಕಾರಣ ಇರಬಹುದು. ನನ್ನ ಹತ್ತಿರ ಇದ್ದ ಮದ್ದು ಒಂದೇ, ಗ್ಯಾಸ್.

ಗ್ಯಾಸ್ ತುಂಬಿದ ಮೇಲೂ ಐಡಲ್‌ನಲ್ಲಿ ತಂಪು ಬರದಿದ್ದರೆ ಅದಕ್ಕೂ ಉಪಾಯವಿತ್ತು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ, ನಾನು ಕಂಡುಹಿಡಿದದ್ದೇನಲ್ಲ. ಗಿರಾಕಿಯನ್ನು ಕಿಟಕಿಯ ಹತ್ತಿರ ಕರೆಯುವುದು, ಕೈ ಒಳಗೆ ಚಾಚಿ ಗಾಳಿ ಬರುವ ಕಡೆ ಹಿಡಿಯಿರಿ ಎನ್ನುವುದು, ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಸಣ್ಣಗೆ ಆಕ್ಸಿಲರೇಟರ್ ತುಳಿಯುವುದು. ಇಂಜಿನ್ ಜೋರಾಗಿ ತಿರುಗಿದರೆ ಏಸಿಯ ಗ್ಯಾಸನ್ನು ಒತ್ತುವ ಕಂಪ್ರೆಸರ್ರೂ ಜೋರಾಗಿ ತಿರುಗುತ್ತದೆ, ಗಾಳಿ ತಣ್ಣಗಾಗುತ್ತದೆ, ಗಿರಾಕಿಯ ಮುಖ ಅರಳುತ್ತದೆ. ಅವರು ಹಣ ಕೊಟ್ಟು ಹೋಗುತ್ತಾರೆ. ಮುಂದಿನ ಸಿಗ್ನಲ್ಲಿನಲ್ಲಿ ಬೆವರುತ್ತಾರೆ, ಆದರೆ ಆ ಸಿಗ್ನಲ್ಲು ನಮ್ಮ ಶೆಡ್ಡಿನಿಂದ ದೂರ. ನನ್ನ ಬಲಗಾಲಿಗೆ ಆ ಕೆಲಸದಲ್ಲಿ ಒಳ್ಳೆಯ ಹದ ಬಂದಿತ್ತು. ಶಬ್ದ ಜಾಸ್ತಿಯಾಗದ ಹಾಗೆ, ತಂಪು ಕಮ್ಮಿಯಾಗದ ಹಾಗೆ. ತಲೆಗಿಂತ ಮೊದಲು ಕಾಲು ಕಲಿತವನು ನಾನು.

ಅಕ್ಕ ಕೆಲಸಕ್ಕಿದ್ದದ್ದು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ರೇಡಿಯೇಟರು, ಏಸಿಯ ಕಂಡೆನ್ಸರು ಮಾಡುತ್ತಿದ್ದರು. ಕಂಡೆನ್ಸರ್ ಎಂದರೆ ಕಾರಿನ ಮೂತಿಯ ಹಿಂದೆ ಕೂತಿರುವ ತಟ್ಟೆಯಂಥ ಜಾಲರಿ. ಏಸಿ ಹೀರಿಕೊಂಡ ಬಿಸಿಯನ್ನೆಲ್ಲ ಹೊರಗೆ ಹಾಕುವುದು ಅದೇ. ಅದರ ಮೇಲೆ ಕಾಗದದಷ್ಟು ತೆಳ್ಳಗಿನ ತಗಡಿನ ಎಳೆಗಳಿರುತ್ತವೆ. ಬಾಗಿದ ಎಳೆಗಳನ್ನು ಬಾಚಣಿಗೆಯಂಥ ಒಂದು ಸಾಮಾನಿನಿಂದ ನೆಟ್ಟಗೆ ಮಾಡುವುದು ಅವಳ ಕೆಲಸ. ಮದುವೆಯಾದಾಗಿನಿಂದ ಅದನ್ನೇ ಮಾಡಿದಳು. ಭಾವ ನೆಲಮಂಗಲದ ಕಡೆ ಇನ್ನೊಂದು ಸಂಸಾರ ಹೂಡಿ ಹೋದಾಗ ಅವಳು ಅತ್ತದ್ದನ್ನು ನಾನು ನೋಡಲಿಲ್ಲ. “ಬಾಗಿರೋದನ್ನ ನೆಟ್ಟಗೆ ಮಾಡಬೋದು ಕಣೋ. ಓಡೋಗಿರೋದನ್ನ ಏನ್ ಮಾಡದು” ಎಂದು ಹೇಳಿ ಶಿಫ್ಟಿಗೆ ಹೋದಳು. ಆಮೇಲೆ ಕಾರ್ಖಾನೆಯೇ ಹೊಸೂರಿಗೆ ಹೋಯಿತು. ಅಕ್ಕ ಹೋಗಲಿಲ್ಲ, ನಮ್ಮ ಮನೆಗೆ ಬಂದಳು.

ಶೆಡ್ಡಿಗೆ ಅವಳು ಬಂದದ್ದು ನನ್ನ ಊಟದ ಕ್ಯಾರಿಯರ್ ಹಿಡಿದು. ಕ್ಯಾರಿಯರ್ ಖಾಲಿಯಾಗುವ ತನಕ ಕಾಯುತ್ತ ಸ್ಟೂಲಿನ ಮೇಲೆ ಕೂತಳು. ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವರ ಕಾರು ಬಂದಿತ್ತು. ನಾನು ವಾಡಿಕೆಯಂತೆ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದೆ. ಅಕ್ಕ ಎದ್ದು, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂತಿಯೊಳಗೆ ಇಣುಕಿದಳು. ಕಂಡೆನ್ಸರಿನ ಮೇಲೆ ಸಿಮೆಂಟಿನ ದೂಳು, ಸತ್ತ ಹುಳ, ಒಣಗಿದ ಕೆಸರು ಸೇರಿ ಸಗಣಿ ಸಾರಿಸಿದಂತಾಗಿತ್ತು.

“ಇದ್ಕೆ ಮೂಗು ಕಟ್ಟದೆ ಕಣೋ” ಎಂದಳು. “ಮೂಗು ಕಟ್ಟಿರೋ ಮಗೀಗೆ ಅನ್ನ ತುರುಕ್ತಾ ಕೂತಿದ್ದೀಯಲ್ಲ.”

ನಾನು ಏನಾದರೂ ಹೇಳುವ ಮೊದಲೇ ಡ್ರಮ್ಮಿನಿಂದ ಒಂದು ಮಗ್ ನೀರು ತಂದು ಅದರ ಮೇಲೆ ಸುರಿದಳು. ಕಾರೊಳಗಿದ್ದ ಲೆಕ್ಕದವರು, “ಬಂತು, ಬಂತು, ತಣ್ಣಗೆ ಬಂತು” ಎಂದರು. ನೀರು ಸುರಿದಾಗ ತಂಪು ಬಂತೆಂದರೆ ಗ್ಯಾಸ್ ಸರಿಯಾಗಿದೆ, ಗಾಳಿ ಆಡುತ್ತಿಲ್ಲ ಎಂದು ಅರ್ಥ. ಗಾಡಿ ಓಡುವಾಗ ಎದುರುಗಾಳಿ ನುಗ್ಗುತ್ತದೆ, ನಿಂತಾಗ ಫ್ಯಾನೊಂದೇ ಗತಿ. ಇದು ಯಶವಂತಪುರದ ಮೇಸ್ತ್ರಿಗೂ ಗೊತ್ತಿತ್ತೆಂದು ನನ್ನ ಗುಮಾನಿ. ನೀರಿಗೆ ಬಿಲ್ ಹಾಕಲು ಬರುವುದಿಲ್ಲವಾದ್ದರಿಂದ ಆತ ಕಲಿಸಿರಲಿಲ್ಲ.

“ಇವ್ರು ಯಾರು?” ಎಂದು ಲೆಕ್ಕದವರು ಕೇಳಿದರು.

“ನಮ್ಮಕ್ಕ ಸಾರ್. ಊಟ ತಂದವ್ರೆ” ಎಂದೆ.

ಮಾರನೇ ದಿನದಿಂದ ಅಕ್ಕ ಊಟ ತಂದವಳು ಸಂಜೆಯ ತನಕ ಹೋಗುತ್ತಿರಲಿಲ್ಲ. ಬರಬರುತ್ತ ಊಟದ ಹೊತ್ತಿಗಿಂತ ಮೊದಲೇ ಬರತೊಡಗಿದಳು. ತಲೆಯ ಪಿನ್ ತೆಗೆದು ಕಂಡೆನ್ಸರಿನ ಎಳೆ ನೆಟ್ಟಗೆ ಮಾಡಿ, ಅದೇ ಪಿನ್ನನ್ನು ಸೆರಗಿಗೆ ಒರೆಸಿ ಮತ್ತೆ ತಲೆಗೆ ಸಿಕ್ಕಿಸಿಕೊಳ್ಳುವಳು. ಗಿರಾಕಿ ಬಂದರೆ ಅವಳು ಮೊದಲು ಕೇಳುತ್ತಿದ್ದದ್ದು ಕಾರಿನ ವಿಚಾರ ಅಲ್ಲ.

“ದಿನಾ ಯಾವ ಸಿಗ್ನಲ್ನಾಗೆ ಸಿಕ್ಕಾಕೊಳ್ತೀರಾ?”

“ಜಾಲಹಳ್ಳಿ ಕ್ರಾಸು.”

“ಅಲ್ಲಿ ಎಷ್ಟೊತ್ತು ನಿಂತಿರ್ತೀರಾ?”

“ಏನಿಲ್ಲ ಅಂದ್ರೂ ಅರ್ಧ ಗಂಟೆ.”

“ಅಂಗಾರೆ ಅಷ್ಟೊತ್ತು ಇಲ್ಲಿ ನಿಂತ್ಕಳಿ. ನಾನು ಒಳ್ಗೆ ಕೂತ್ಕತೀನಿ.”

ಇದು ಅವಳ ಶಾಸ್ತ್ರ. ಕಾರು ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಯೋ ಅಷ್ಟೇ ಹೊತ್ತು ಶೆಡ್ಡಿನ ಮುಂದೆ ಐಡಲ್‌ನಲ್ಲಿ ನಿಲ್ಲಬೇಕು, ಅವಳು ಕೂತು ನೋಡಬೇಕು. ಇಂಜಿನ್ ಪೂರ್ತಿ ಕಾಯುವ ತನಕ ಗಾಡಿ ಕಾಯಿಲೆ ತೋರಿಸುವುದಿಲ್ಲ, ಡಾಕ್ಟರ ಮುಂದೆ ಹೋದ ಕೂಡಲೇ ಹೊಟ್ಟೆನೋವು ಮಾಯವಾಗುವ ಹಾಗೆ, ಎನ್ನುವಳು. ರಿಪೇರಿ ಆದ ಮೇಲೆ ಮತ್ತೊಮ್ಮೆ ಅಷ್ಟೇ ಹೊತ್ತು. ಇಡೀ ದಿನಕ್ಕೆ ಎರಡು ಕಾರು ಮುಗಿದರೆ ಹೆಚ್ಚು. ಎದುರಿನ ಟಯರ್ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ, “ಏನ್ ಗುರು, ಮೇಸ್ತ್ರಮ್ಮ ಎದ್ರಾ, ಇನ್ನೂ ಕಾರಲ್ಲೇ ಮಲ್ಗವ್ರಾ?” ಎನ್ನುತ್ತಿದ್ದ. ಒಂದು ಸಲ ನಿಜವಾಗಿಯೂ ಮಲಗಿದ್ದಳು. ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಯಜಮಾನ ಗಾಜು ಬಡಿದು ಬಡಿದು ಎಬ್ಬಿಸಿದ. ಇಳಿದು, ಸೀರೆ ಕೊಡವಿಕೊಂಡು, “ನಿದ್ದೆ ಬಂತು ಅಂದ್ರೆ ಏಸಿ ಸರಿಯಾಗದೆ ಅಂತ. ತಗಂಡೋಗಿ” ಎಂದಳು. ಆತ ಒಪ್ಪಿಕೊಂಡು ಹೋದ. ನಾನು ಹಾಗೆ ಮಲಗಿದ್ದರೆ ಪೊಲೀಸರನ್ನು ಕರೆಯುತ್ತಿದ್ದ.

ಸತ್ತವರನ್ನು ಹೊಗಳುವುದು ಸುಲಭ, ಅದಕ್ಕೇ ಇದನ್ನೂ ಹೇಳುತ್ತೇನೆ. ಅವಳು ತಪ್ಪು ಮಾಡುತ್ತಿದ್ದಳು, ತಪ್ಪನ್ನು ಒಪ್ಪುತ್ತಿರಲಿಲ್ಲ. ಬ್ಯಾಂಕಿನಿಂದ ರಿಟೈರಾದ ಒಬ್ಬರ ಕಾರಿನಲ್ಲಿ ಒಂದು ಬೆಳಗ್ಗೆಯೆಲ್ಲ ಕೂತು, ನೀರು ಸುರಿದು, ಫ್ಯಾನು ಹೋಗಿದೆ ಎಂದು ನನ್ನ ಕೈಲಿ ಫ್ಯಾನು ಬಿಚ್ಚಿಸಿದಳು. ಫ್ಯಾನು ಬಂಗಾರದ ಹಾಗಿತ್ತು. ಕೊನೆಗೆ ನೋಡಿದರೆ ಹೀಟರಿನ ತಿರುಗಣೆಯನ್ನು ಅವರ ಮೊಮ್ಮಗು ಕೆಂಪು ಗುರುತಿನ ಕಡೆ ಅರ್ಧ ತಿರುಗಿಸಿಬಿಟ್ಟಿತ್ತು. ಇಷ್ಟು ಹೊತ್ತು ಅದರ ಮುಂದೆಯೇ ಕೂತಿದ್ದವಳಿಗೆ ಅದು ಕಾಣಲಿಲ್ಲ. ನಾನು ನಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ, “ಕಾರು ಸರಿಯಾಗೇ ಅದೆ ಸಾರ್. ನೀವೇ ರಿಪೇರಿಗೆ ಬಂದಿರೋದು” ಎಂದು ಹೇಳಿ ಒಳಗೆ ಹೋಗಿಬಿಟ್ಟಳು. ಫ್ಯಾನು ವಾಪಸ್ ಕೂರಿಸಿದವನು ನಾನು. ಕ್ಷಮೆ ಕೇಳಿದವನೂ ನಾನು.

ಇಂಥ ಅಕ್ಕನನ್ನು ಗಿರಾಕಿಗಳಿಗೆ ಯಾರೆಂದು ಹೇಳುವುದು? ಮೊದಮೊದಲು ಊಟ ತಂದವ್ರೆ ಎಂದೆ. ಬೆಳಗ್ಗೆ ಹತ್ತಕ್ಕೇ ಊಟ ತರುವುದನ್ನು ಜನ ನಂಬದೆ ಹೋದಾಗ, ಮನೆಯಲ್ಲಿ ಬೇಜಾರು, ಟೈಂಪಾಸಿಗೆ ಬರ್ತಾರೆ ಎಂದೆ. ಕಂಡೆನ್ಸರ್ ತೊಳೆಯುತ್ತಿರುವಾಗ ಕೇಳಿದವರಿಗೆ, ಕಸ ಗುಡಿಸಿ ನೀರು ಹಾಕಲು ಇದ್ದಾರೆ ಎಂದೆ. ಅದು ಪೂರ್ತಿ ಸುಳ್ಳಲ್ಲ, ಗುಡಿಸುತ್ತಿದ್ದವಳೂ ಅವಳೇ. ಹೆಂಗಸು ಹೇಳಿದಂತೆ ನಟ್ಟು ತಿರುಗಿಸುವವನು ಎಂದು ಆ ರಸ್ತೆಯಲ್ಲಿ ಹೆಸರು ಬಂದರೆ ನಾನು ಮೀಸೆ ಬಿಟ್ಟದ್ದು ಏತಕ್ಕೆ? ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ಊಟ ಬಡಿಸುತ್ತ ಕೇಳಿದಳು.

“ಯಾರಾನಾ ಕೇಳಿದ್ರೆ ನನ್ನ ಯಾರು ಅಂತ ಹೇಳ್ತೀಯ?”

“ಅಕ್ಕ ಅಂತ.”

“ಅಕ್ಕ ಮನೇಲಿ. ಇಲ್ಲಿ ಯಾರು?”

ನಾನು ಮುದ್ದೆ ನುಂಗುತ್ತಿದ್ದೆ. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂಬ ಶಿಸ್ತು ನನಗೆ ಆ ದಿನವೇ ಬಂತು.

“ಸಂಬಳ ಕೇಳ್ತಿಲ್ಲ ಕಣೋ” ಎಂದಳು. “ಒಂದ್ ಮಾತು. ಕೇಳ್ದೋರ ಮುಂದೆ, ಇವ್ರು ಗಾಡಿ ನೋಡ್ತಾರೆ ಅನ್ನು. ಅಷ್ಟೇಯ.”

“ಆಯ್ತಕ್ಕ” ಎಂದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಆ ಮಾತು ಹೇಳುವ ಸಂದರ್ಭ ಬೇಗನೆ ಬಂತು. ಕಾರ್ಖಾನೆಗಳ ಆಫೀಸರುಗಳನ್ನು ಕರೆದೊಯ್ಯಲು ಗಾಡಿ ಬಿಡುವ ಟ್ರಾವೆಲ್ಸ್‌ನ ಯಜಮಾನರು ಒಂದು ಬಿಳಿ ಕಾರಿನೊಂದಿಗೆ ಬಂದರು. ಇಂಥ ಬಿಳಿ ಕಾರುಗಳು ಅವರ ಹತ್ತಿರ ಸಾಲಾಗಿ ಇದ್ದವು. ಕಾರು ಓಡಿಸುತ್ತಿದ್ದವನು ಕೊಪ್ಪಳದ ಕಡೆಯ ಬಸಣ್ಣ. ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆ ರೂಮಿನಲ್ಲಿದ್ದ, ತಿಂಗಳಿಗೊಮ್ಮೆ ಊರಿಗೆ ದುಡ್ಡು ಕಳಿಸುತ್ತಿದ್ದ.

“ಸಿಗ್ನಲ್‌ನಲ್ಲಿ ಸೆಕೆ ಅಂತ ಆಫೀಸರ್‌ಗಳು ಕಂಪ್ಲೇಂಟ್ ಮೇಲೆ ಕಂಪ್ಲೇಂಟ್ ಮಾಡ್ತಿದ್ದಾರೆ” ಎಂದರು ಯಜಮಾನರು. “ಡೀಸೆಲ್ ಉಳಿಸಿ ಮಾರ್ಕೊಳ್ಳೋಕೆ ಇವನೇ ಏಸಿ ಆಫ್ ಮಾಡ್ತಾನೆ ಅಂತ ನನ್ನ ಡೌಟು. ಗಾಡೀಲಿ ಏನಾದ್ರೂ ಇದೆಯಾ, ಇವನಲ್ಲಿ ಇದೆಯಾ, ನೋಡಿ ಹೇಳಿ. ಇದನ್ನ ಬಗೆಹರಿಸಿದ್ರೆ ಮಿಕ್ಕಿದ ಗಾಡಿಗಳೂ ನಿಮ್ಮಲ್ಲಿಗೇ ಬರ್ತವೆ.”

“ಇಲ್ರೀ ಸಾಹೇಬ್ರ” ಎಂದ ಬಸಣ್ಣ. “ನಾನೂ ಒಳಗ ಇರ್ತೀನಲ್ರೀ. ನನಗೇನು ಸೆಕಿ ಆಗೂದಿಲ್ಲೇನ್ರೀ?”

ಅಕ್ಕ ಎಂದಿನಂತೆ ಕೂತಳು. ಬಸಣ್ಣನನ್ನು ಎಷ್ಟು ಹೊತ್ತು ಎಲ್ಲಿ ನಿಲ್ಲುತ್ತೀಯ ಎಂದು ಕೇಳಿ, ಅಷ್ಟು ಹೊತ್ತು ಕೂತಳು. ಇಂಜಿನ್ ಕಾದ ಮೇಲೆ ಗಾಳಿ ಬಿಸಿಯಾಯಿತು. ಇಳಿದು ನೀರು ಸುರಿದಳು, ಬದಲಾಗಲಿಲ್ಲ. ಫ್ಯಾನು ನೋಡಿದಳು, ತಿರುಗುತ್ತಿತ್ತು. ನನ್ನ ಕೈಲಿ ಗೇಜು ಹಾಕಿಸಿದಳು. ಗೇಜಿಗೆ ಎರಡು ಮುಖ, ಗ್ಯಾಸ್ ವಾಪಸ್ ಬರುವ ಕಡೆಗೆ ನೀಲಿ, ಒತ್ತಿ ಕಳಿಸುವ ಕಡೆಗೆ ಕೆಂಪು. ನೀಲಿ ಇಳಿಯಬೇಕು, ಕೆಂಪು ಏರಬೇಕು. ಐಡಲ್‌ನಲ್ಲಿ ಎರಡರ ಮುಳ್ಳೂ ಜಗಳ ಬಿಟ್ಟ ಗಂಡ ಹೆಂಡಿರ ಹಾಗೆ ಹತ್ತಿರ ಹತ್ತಿರ ಬಂದು ನಿಂತಿದ್ದವು. ಗ್ಯಾಸ್ ಸಾಕಷ್ಟಿತ್ತು, ಒತ್ತುವ ಶಕ್ತಿಯೇ ಇರಲಿಲ್ಲ.

“ಕಂಪ್ರೆಸರ್ ಸವೆದೋಗದೆ” ಎಂದಳು ಅಕ್ಕ. “ಜೋರಾಗಿ ತಿರುಗಿದ್ರೆ ಒತ್ತತ್ತೆ, ನಿಧಾನಕ್ಕೆ ತಿರುಗಿದ್ರೆ ಕೈಲಾಗಲ್ಲ. ಬದಲಾಯಿಸ್ಬೇಕು. ಈ ಹುಡುಗಂದೇನೂ ತಪ್ಪಿಲ್ಲ.”

ಯಜಮಾನರು ಅವಳ ಕಡೆ ನೋಡಲಿಲ್ಲ. ಕಂಪ್ರೆಸರ್ ಬದಲಾಯಿಸುವುದೆಂದರೆ ದೊಡ್ಡ ಖರ್ಚು, ಆ ಮಾತು ಅವರಿಗೆ ಹಿಡಿಸಲಿಲ್ಲ. ನನ್ನನ್ನೇ ಕೇಳಿದರು. “ನೀವೇನಂತೀರ್ರೀ? ಕಂಪ್ರೆಸರ್ ಹೋಗಿದ್ಯಾ, ಇಲ್ಲಾ ಇವನು ಆಟ ಆಡ್ತಿದ್ದಾನಾ?”

ಗೇಜು ನನ್ನ ಕಣ್ಣೆದುರಿಗೇ ಇತ್ತು. ಓದು ಕಮ್ಮಿಯಾದರೂ ಎರಡು ಮುಳ್ಳು ಓದಲು ನನಗೆ ಬರುತ್ತಿತ್ತು. ಅದರ ಜೊತೆಗೆ ಸಾಲಾಗಿ ಬಿಳಿ ಕಾರುಗಳೂ ಕಾಣುತ್ತಿದ್ದವು. ಅಷ್ಟೂ ಗಾಡಿಗಳು ನಮ್ಮ ಶೆಡ್ಡಿನ ಮುಂದೆ ನಿಂತರೆ ಟಯರ್ ಅಂಗಡಿಯವನ ಮುಖ ಹೇಗಾದೀತೆಂದೂ ಕಾಣುತ್ತಿತ್ತು. ಅಕ್ಕ ಮತ್ತೆ ಎಡಗಡೆಯ ಸೀಟಿನಲ್ಲಿ ಕೂತಿದ್ದಳು. ನಾನು ಡ್ರೈವರ್ ಸೀಟಿಗೆ ಹೋಗಿ ಕೂತೆ.

“ಕೈ ಇಡಿ ಸಾರ್ ಇಲ್ಲಿ” ಎಂದೆ. ನನ್ನ ಬಲಗಾಲು ತನ್ನ ಕೆಲಸ ತಾನೇ ಮಾಡಿತು.

ಯಜಮಾನರು ನನ್ನ ಪಕ್ಕದ ಕಿಟಕಿಯಿಂದ ಕೈ ಚಾಚಿ, “ಆಹಾ, ಊಟಿ ಕಣ್ರೀ” ಎಂದರು.

“ಕಾಲ್ ತೆಗಿ” ಎಂದಳು ಅಕ್ಕ, ನನಗಷ್ಟೇ ಕೇಳುವಂತೆ.

ನಾನು ತೆಗೆಯಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಎಲ್ಲರಿಗೂ ಕೇಳುವಂತೆ. “ಕಾಲ್ ತೆಗಿಯೋ. ಈ ಹುಡುಗನ ಕೆಲ್ಸ ಹೋಯ್ತದೆ.”

ಯಜಮಾನರು ಬಗ್ಗಿ ಒಳಗೆ ನೋಡಿದರು. “ಏನಂತಿದ್ದಾರೆ? ಯಾರ್ರೀ ಇವ್ರು? ಆಗಲಿಂದ ನೋಡ್ತಿದ್ದೀನಿ, ಗಾಡಿ ಬಿಟ್ಟು ಇಳೀತಾನೇ ಇಲ್ಲ.”

ಒಂದೇ ಒಂದು ಮಾತು ಹೇಳಬೇಕಿತ್ತು. ಅವಳು ಕೇಳಿಕೊಂಡಿದ್ದ ಮಾತು, ನಾನು ಆಯ್ತಕ್ಕ ಎಂದಿದ್ದ ಮಾತು.

“ನಮ್ಮಕ್ಕ ಸಾರ್” ಎಂದೆ. “ಗಂಡ ಬಿಟ್ಟೋದ್ಮೇಲೆ ಸ್ವಲ್ಪ ತಲೆ ಸರಿ ಇಲ್ಲ. ಏನೇನೋ ಮಾತಾಡ್ತಾರೆ. ಕಾರಲ್ಲಿ ಕೂರ್ಸಿದ್ರೆ ಸಮಾಧಾನವಾಗಿರ್ತಾರೆ, ಅದಕ್ಕೇ ಕೂರಿಸ್ತೀವಿ.”

ಅಷ್ಟು ಅಚ್ಚುಕಟ್ಟಾದ ಸುಳ್ಳನ್ನು ನಾನು ಅದಕ್ಕೂ ಮುಂಚೆ ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ. ಅವಳು ಕೂರುವುದಕ್ಕೂ, ನೀರು ಸುರಿಯುವುದಕ್ಕೂ, ಕಾಲು ತೆಗಿ ಎಂದು ಕೂಗುವುದಕ್ಕೂ ಒಂದೇ ಏಟಿಗೆ ಕಾರಣ ಸಿಕ್ಕಿಬಿಟ್ಟಿತು. ಯಜಮಾನರ ಮುಖದಲ್ಲಿ ಕನಿಕರ ಬಂತು. “ಛೆ, ಪಾಪ” ಎಂದರು. ಆಮೇಲೆ ಕಿಟಕಿಯಿಂದ ಕೈ ಹಾಕಿ ಗಾಡಿಯ ಕೀ ಕಿತ್ತುಕೊಂಡು, ಬಸಣ್ಣನ ಕಡೆ ತಿರುಗಿ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು.

ಅಕ್ಕ ಇಳಿದಳು. ಬಾಗಿಲನ್ನು ಯಾವಾಗಲೂ ಧಡಾರನೆ ಹಾಕುತ್ತಿದ್ದವಳು ಆ ದಿನ ಮೆತ್ತಗೆ ಹಾಕಿದಳು. ಬಸಣ್ಣನ ಹತ್ತಿರ ಹೋಗಿ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮನೆಗೆ ನಡೆದುಕೊಂಡು ಹೋದಳು. ಸಾಯಂಕಾಲ ನಾನು ಹೋಗುವ ಹೊತ್ತಿಗೆ ಸೊಪ್ಪು ಬಿಡಿಸುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ಒಂದೆರಡು ದಿನ ಮುಖ ಊದಿಸಿಕೊಂಡು, ಎಲ್ಲ ಸರಿಹೋಗುತ್ತಿತ್ತು. ನನ್ನ ಹೆಂಡತಿ ಒಳಗಿಂದ, “ಅತ್ತಿಗೆ ಹೇಳಿದ್ರು, ನಾಳೆಯಿಂದ ಊಟ ನೀವೇ ಬಂದು ತಗೊಂಡೋಗ್ಬೇಕಂತೆ” ಎಂದಳು. ಅಷ್ಟೇ.

ಬಸಣ್ಣನಿಗೆ ಮಾದನಾಯಕನಹಳ್ಳಿಯ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು, ಹಣ್ಣು ಹಾಲು ಸಾಗಿಸುವ ತಂಪಿನ ಲಾರಿ ಓಡಿಸುವುದು. ಆ ಲಾರಿಗಳ ರಿಪೇರಿ ಶೆಡ್ಡಿನವರಿಗೆ ಅವನೇ ಅಕ್ಕನ ವಿಚಾರ ಹೇಳಿದನಂತೆ. ಅವಳು ಟ್ರಂಕು ಹಿಡಿದು ಹೊರಟಾಗ ನಾನು ಆಟೋ ತರಲು ಹೋದೆ. ತರುವಷ್ಟರಲ್ಲಿ ಬಸ್ಸು ಹತ್ತಿದ್ದಳು. ಅಲ್ಲಿ ಅವಳಿಗೆ ಸಂಬಳ ಇತ್ತು, ಕುರ್ಚಿ ಇತ್ತು, ಬಯ್ಯುವುದಕ್ಕೆ ನನಗಿಂತ ವಿಧೇಯರಾದ ಗಂಡಸರಿದ್ದರು. “ಅಲ್ಲಿ ಅಕ್ಕಾರು ಹ್ಞೂಂ ಅನ್ನೂತನಕ ಲಾರಿ ಗೇಟು ದಾಟೂದಿಲ್ರಿ” ಎಂದು ಬಸಣ್ಣ ಒಮ್ಮೆ ದಾರಿಯಲ್ಲಿ ಸಿಕ್ಕಿದಾಗ ಹೇಳಿದ. ನನಗೆ ಖುಷಿಯಾಗಲಿ ಎಂದು ಹೇಳಿದನೋ, ಉರಿಯಲಿ ಎಂದು ಹೇಳಿದನೋ ತಿಳಿಯಲಿಲ್ಲ. ಎರಡೂ ಆಯಿತು.

ಬಿಳಿ ಕಾರುಗಳು ಮಾತಿನಂತೆ ನನ್ನ ಹತ್ತಿರ ಬಂದವು. ಆ ಮೊದಲ ಕಾರಿಗೆ ಹೊಸ ಡ್ರೈವರ್ ಬಂದ, ಅವನ ಮೇಲೂ ಅದೇ ಕಂಪ್ಲೇಂಟು ಬಂತು, ಯಜಮಾನರು ಕಾರನ್ನೇ ಮಾರಿಬಿಟ್ಟರು. ಕೊಂಡವನು ಯಾರೋ, ಎಲ್ಲಿ ಬೆವರುತ್ತಿದ್ದಾನೋ.

ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೆ. ಅರಿಸಿನ ಕುಂಕುಮ, ಬಳೆ, ರವಿಕೆ ಕಣ, ಬಾಳೆಹಣ್ಣು. ಅಕ್ಕತಂಗಿಯರಿಗೆ ಏನು ಮಾಡಿದ್ದರೂ ವರ್ಷಕ್ಕೊಂದು ಮೊರ ಕೊಟ್ಟು ಲೆಕ್ಕ ಚುಕ್ತಾ ಮಾಡುವ ಈ ಪದ್ಧತಿಯನ್ನು ಗಂಡಸರೇ ಮಾಡಿರಬೇಕು. ಅವಳು ತೆಗೆದುಕೊಳ್ಳುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಮಕ್ಕಳ ಓದು ವಿಚಾರಿಸುತ್ತಿದ್ದಳು. ಕಾರಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹಲವು ಗೌರಿ ಹಬ್ಬಗಳು ಹೀಗೇ ಕಳೆದವು. ಒಂದು ಹಬ್ಬದಲ್ಲಿ, ಏನಾಯಿತೋ, ಲೋಟ ಕೆಳಗಿಟ್ಟು ಶುರು ಮಾಡಿದೆ.

“ಅಕ್ಕ, ಅವತ್ತು ಆ ಟ್ರಾವೆಲ್ಸ್‌ನವ್ರ ಮುಂದೆ ನಾನು...”

“ನನ್ಗ್ಯಾಕ್ಲಾ ಹೇಳ್ತೀಯ?” ಎಂದಳು. “ನಾನು ಪಕ್ಕದ ಸೀಟ್ನಾಗೇ ಕೂತಿದ್ನಲ್ಲ. ಎಲ್ಲಾ ಕೇಳಿಸ್ಕೊಂಡಿವ್ನಿ.”

ನಾನು ಲೋಟ ಎತ್ತಿ ಉಳಿದ ಕಾಫಿ ಕುಡಿದು ಮುಗಿಸಿದೆ.

“ಅವ್ರ ಗಾಡಿ ಈಗ್ಲೂ ಬತ್ತವಾ ನಿನ್ನತ್ರ?”

“ಬತ್ತವೆ.”

“ಹೇಳಂಗಿದ್ರೆ ಆವಯ್ಯನ್ಗೆ ಹೇಳು. ತಿಳೀದೆ ಇರೋನು ಅವ್ನು.” ಲೋಟ ತೊಳೆಯಲು ಎದ್ದಳು. “ನನ್ಗೆ ತಲೆ ಸರಿ ಇಲ್ಲ ಅಂತ ನಂಬ್ಕೊಂಡು ಆವಯ್ಯ ಪಾಪ ಎಷ್ಟು ವರ್ಷ್ದಿಂದ ಮರುಗ್ತಾ ಅವ್ನೋ.”

ಹೇಳುತ್ತೇನೆ ಎಂದುಕೊಂಡು ಬಂದೆ. ಯಜಮಾನರ ಗಾಡಿಗಳು ವಾರಕ್ಕೊಂದು ಬರುತ್ತಲೇ ಇದ್ದವು. ಪ್ರತಿ ಸಲವೂ ಏನಾದರೊಂದು ಅಡ್ಡ ಬರುತ್ತಿತ್ತು. ಅವರು ಅವಸರದಲ್ಲಿರುತ್ತಿದ್ದರು, ಇಲ್ಲವೇ ಜೊತೆಯಲ್ಲಿ ಯಾರೋ ಇರುತ್ತಿದ್ದರು, ಇಲ್ಲವೇ ಬಿಲ್ಲು ಬಾಕಿ ಇರುತ್ತಿತ್ತು. ಮುಂದಿನ ಗೌರಿ ಹಬ್ಬಕ್ಕೆ ಮೊದಲು ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೆ. ನಾನು ನಿಶ್ಚಯ ಮಾಡುವುದರಲ್ಲಿ ಗಟ್ಟಿ. ಅಕ್ಕ ಬೇಸಿಗೆಯಲ್ಲೇ ಹೋದಳು. ಒಂದು ಬೆಳಗ್ಗೆ ಕೆಲಸಕ್ಕೆ ಬರಲಿಲ್ಲವೆಂದು ಬಸಣ್ಣ ಹೋಗಿ ಬಾಗಿಲು ತಟ್ಟಿದನಂತೆ.

ಹನ್ನೊಂದನೆಯ ದಿನದ ಕಾರ್ಯವನ್ನು ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿಸಿ ಮಾಡಿದೆ. ಟ್ರಾವೆಲ್ಸ್‌ನ ಯಜಮಾನರೂ ಬಂದರು. ಇಷ್ಟು ವರ್ಷದ ವ್ಯವಹಾರ, ಬರದೆ ಇರಲಾರರು. ಬಸಣ್ಣ ಲುಂಗಿ ಎತ್ತಿ ಕಟ್ಟಿ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದ. ಯಜಮಾನರಿಗೆ ಅವನ ಗುರುತು ಸಿಗಲಿಲ್ಲ. ನಾನು ಉಪಚಾರಕ್ಕೆಂದು ಅವರ ಎಲೆಯ ಮುಂದೆ ಬಂದು ನಿಂತೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

“ತಲೆ ಸರಿ ಇಲ್ದಿರೋ ಅಕ್ಕನ್ನ ಇಷ್ಟು ವರ್ಷ ಸಾಕಿದ್ರಲ್ರೀ” ಎಂದರು. “ಇವತ್ತಿನ ಕಾಲದಲ್ಲಿ ಯಾವ ತಮ್ಮ ಮಾಡ್ತಾನೆ? ನಮ್ಮನೇಲೂ ನಿಮ್ಮ ಉದಾಹರಣೆ ಹೇಳ್ತಿರ್ತೀನಿ.”

ಅಕ್ಕಪಕ್ಕದ ಎಲೆಯವರು ತಲೆದೂಗಿದರು. ಮಾದನಾಯಕನಹಳ್ಳಿಯಿಂದ ಬಂದಿದ್ದ ಶೆಡ್ಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಯಾವ ಅಕ್ಕನ ವಿಚಾರ ಹೇಳುತ್ತಿದ್ದಾರೆಂದು ಅವರಿಗೆ ತಿಳಿಯಲಿಲ್ಲ.

“ತಲೆ ಸರಿಯಾಗಿತ್ತು ಸಾರ್” ಎಂದೆ. “ನಿಮ್ಮ ಗಾಡಿ ಕಂಪ್ರೆಸರ್ ಹೋಗಿತ್ತು.”

“ಯಾವ ಗಾಡಿ?”

ಹೇಳಿದೆ. ನಿಂತುಕೊಂಡೇ, ಪಂಕ್ತಿಗೆಲ್ಲ ಕೇಳುವಂತೆ, ಗೇಜಿನ ಮುಳ್ಳು, ನನ್ನ ಕಾಲು, ಅವಳು ಹೇಳಿದ್ದು, ನಾನು ಹೇಳಿದ್ದು, ಕೀ ಕಿತ್ತುಕೊಂಡದ್ದು, ಎಲ್ಲ ಹೇಳಿದೆ. ಆ ಶೆಡ್ಡಿನಲ್ಲಿ ಗಾಡಿ ನೋಡುತ್ತಿದ್ದವಳು ಅವಳು, ನಾನು ನಟ್ಟು ತಿರುಗಿಸುತ್ತಿದ್ದೆ ಎಂದೂ ಹೇಳಿದೆ. ಯಜಮಾನರು ತಾಳ್ಮೆಯಿಂದ ಕೇಳಿದರು. ಮುಗಿದ ಮೇಲೆ ನನ್ನ ಕೈಯನ್ನು ಇನ್ನೂ ಮೆತ್ತಗೆ ಒತ್ತಿದರು. ಪಕ್ಕದವರ ಕಡೆ ಬಾಗಿ, ನನಗೆ ಕೇಳಿಸದು ಎಂದುಕೊಂಡು ಹೇಳಿದರು.

“ಪಾಪ. ಅಕ್ಕ ಹೋದ್ಮೇಲೆ ಇವ್ರಿಗೂ ತಲೆ ಸರಿ ಇಲ್ಲ ಅನ್ಸತ್ತೆ.”

ಬಸಣ್ಣ ಬಕೆಟ್ಟು ಹಿಡಿದುಕೊಂಡು ಅವರ ಎಲೆಯ ತನಕ ಬಂದಿದ್ದ. ಸೌಟು ತುಂಬಿಸಿ, ಪಾಯಸವನ್ನು ನಿಧಾನವಾಗಿ ಅವರ ಎಲೆಯ ಮೂಲೆಗೆ ಬಿಟ್ಟ.

“ಅಣ್ಣಾರ ತಲಿ ಸರಿ ಐತ್ರಿ ಸಾಹೇಬ್ರ” ಎಂದ. “ಇವತ್ತ ಸರಿ ಆಗೇತಿ.”